ಹಲಸಿನ ಮರವೂ ಕರೆಂಟಿನ ಗರಗಸವೂ

ಮಳೆಗಾಲದಲ್ಲಿ ಉರುಳಿದ ಹಲಸಿನ ಮರ ಸಾಗರದ ಕಡೆಯ ಆ ಮನೆಯ ಹಿತ್ತಿಲಿನಲ್ಲಿ ಡಿಸೆಂಬರ್ ಬಂದರೂ ಹಾಗೆಯೇ ಮಲಗಿತ್ತು. ಕೊಯ್ಯುವ ಜನ ಸಿಗಲಿಲ್ಲವೆಂದಲ್ಲ, ಮನೆಯಲ್ಲೇ ಕರೆಂಟಿನ ಗರಗಸ ಇದೆಯಲ್ಲ ಎಂಬ ಧೈರ್ಯ. ಹದಿನಾರು ಅಂಗುಲದ ಬಾರ್, ಅದರ ಸುತ್ತ ಓಡುವ ಹಲ್ಲಿನ ಚೈನು. ತಂದ ಹೊಸತರಲ್ಲಿ ಬಾಳೆದಿಂಡು ಕಡಿದಂತೆ ಮರ ಕೊಯ್ದು ಕೊಟ್ಟಿತ್ತು. ಈಗ ಹಲಸಿನ ಮೇಲಿಟ್ಟರೆ ಕಿರುಚುತ್ತದೆ, ಹೊಗೆ ಏಳುತ್ತದೆ, ಕೊಯ್ತ ಬಲಕ್ಕೆ ವಾಲುತ್ತದೆ.

ಕಂಪನಿ ಮಾಲೇ ಸರಿಯಿಲ್ಲ ಎಂದರು ಅಪ್ಪಯ್ಯ. ವೋಲ್ಟೇಜು ಸಾಲದು ಎಂದ ಪಿಯುಸಿ ಓದುವ ಮಗ. ಮೊದಲು ಅದನ್ನು ಮಾರಿ, ಇಬ್ಬರ ಕೈಕಾಲೂ ನೆಟ್ಟಗಿರಲಿ ಎಂದರು ಅಮ್ಮ. ಅಪ್ಪಯ್ಯ ಮೈಭಾರವನ್ನೆಲ್ಲ ಹಾಕಿ ಗರಗಸವನ್ನು ಒತ್ತುತ್ತಿದ್ದುದನ್ನು ಕಂಡವರಿಗೆ ಅಮ್ಮನ ಮಾತೇ ಸರಿ ಎನಿಸುತ್ತಿತ್ತು. ಒತ್ತಿ ಕೊಯ್ಯುವವನ ಕೈ ಜಾರಿದರೆ ಗರಗಸ ಎತ್ತ ಹೋಗುತ್ತದೆಂದು ಹೇಳಲಾಗದು.

ಕೊಟ್ಟಿಗೆಯ ಬಾಗಿಲು ಸರಿಮಾಡಲು ಬಂದಿದ್ದ ವಯಸ್ಸಾದ ಆಚಾರ್ರು ಗರಗಸವನ್ನು ಮೊದಲು ನೋಡಲೇ ಇಲ್ಲ. ನೆಲದ ಮೇಲಿದ್ದ ಹಳದಿ ಪುಡಿಯನ್ನು ಚಿಟಿಕೆಯಲ್ಲಿ ತೆಗೆದು ತಿಕ್ಕಿ ನೋಡಿದರು. "ತಮ್ಮಾ, ಇದು ಕೊಯ್ದದ್ದಲ್ಲ, ತೇಯ್ದದ್ದು. ಹಲ್ಲು ಹರಿತ ಇದ್ದರೆ ಚೆಕ್ಕೆ ಬೀಳಬೇಕು."

ಹಲ್ಲು ಮುಟ್ಟಿ ನೋಡುವ ಉತ್ಸಾಹದಲ್ಲಿ ಹುಡುಗ ಕೈ ಚಾಚಿದ. ಆಚಾರ್ರು ಮಣಿಕಟ್ಟು ಹಿಡಿದರು. "ಪ್ಲಗ್ ಎಲ್ಲಿದೆ ಮಾರಾಯ?" ಅದು ಗೋಡೆಯ ಸಾಕೆಟ್ಟಿನಲ್ಲೇ ಇತ್ತು. ಪೆಟ್ರೋಲಿನ ಗರಗಸವಾದರೆ ಎಂಜಿನ್ನಿನ ಸದ್ದಾದರೂ ಎಚ್ಚರಿಸುತ್ತದೆ. ಕರೆಂಟಿನದು ಸತ್ತಂತೆ ಮಲಗಿರುತ್ತದೆ, ಬೆರಳೊಂದು ಗುಂಡಿಗೆ ತಾಗಿದರೆ ಎದ್ದುಬಿಡುತ್ತದೆ. ಹುಡುಗನ ಮುಖ ಬಿಳಿಚಿತು. ಪ್ಲಗ್ ಕಿತ್ತು ತಂದು ಎಲ್ಲರ ಕಣ್ಣೆದುರಿಗಿಟ್ಟು, ದಪ್ಪ ಕೈಚೀಲ ಹಾಕಿಕೊಂಡ ಮೇಲೆಯೇ ಮುಚ್ಚಳ ಬಿಚ್ಚಿದ್ದು.

ಒಳಗೆ ಪುಡಿ ಹಿಟ್ಟಿನ ಮುದ್ದೆಯಂತೆ ಗಟ್ಟಿಯಾಗಿ ಕುಳಿತಿತ್ತು. ಬಾರ್‌ನ ಬುಡದಲ್ಲಿ ಚೈನಿಗೆ ಎಣ್ಣೆ ಹರಿಯುವ ಸಣ್ಣ ರಂಧ್ರವೊಂದಿರುತ್ತದೆ. ಅದರ ಬಾಯಿಗೆ ಬಿಳಿಯ ಮೇಣದಂಥದ್ದು ಮೆತ್ತಿತ್ತು. ಅಮ್ಮ ನಕ್ಕುಬಿಟ್ಟರು. ಚೈನ್ ಎಣ್ಣೆ ಮುಗಿದಾಗ ತೆಂಗಿನೆಣ್ಣೆ ಹಾಕಲು ಹೇಳಿದವರು ಅವರೇ! ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಮಲೆನಾಡಿನ ಡಿಸೆಂಬರ್ ಬೆಳಗಿಗೆ ಅಷ್ಟು ಚಳಿ ಯಾವ ಲೆಕ್ಕ? ಟ್ಯಾಂಕಿನಲ್ಲಿ ಎಣ್ಣೆ ತುಂಬಿದ್ದರೂ ಚೈನು ಒಣಗಿಕೊಂಡೇ ಓಡಿತ್ತು. ಪಂಪ್‌ಸೆಟ್ಟಿನ ಹಳೆಯ ಎಣ್ಣೆ ಇದಕ್ಕಿಂತ ಮೇಲಲ್ಲ. ಅದರಲ್ಲಿ ಲೋಹದ ಕಣಗಳಿರುತ್ತವೆ, ಓಡುವ ಚೈನಿಗೆ ಅಂಟಿ ನಿಲ್ಲುವ ಗುಣವೂ ಅದಕ್ಕಿಲ್ಲ.

ಇನ್ನು ಹಲ್ಲುಗಳು. ಅಮೆರಿಕದ ಓರೆಗಾನ್‌ನಲ್ಲಿ ಮರ ಕಡಿಯುತ್ತಿದ್ದ ಜೋ ಕಾಕ್ಸ್ 1946ರಲ್ಲಿ ಕೊರಡೊಂದರಲ್ಲಿ ದುಂಬಿಯ ಮರಿಹುಳು ಎಡಕ್ಕೊಮ್ಮೆ ಬಲಕ್ಕೊಮ್ಮೆ ಮರ ಕೊರೆಯುವುದನ್ನು ಕಂಡು, ಅದರ ಬಾಗಿದ ದವಡೆಗಳನ್ನೇ ಅನುಕರಿಸಿ ಚೈನು ಮಾಡಿದ. 1947ರಲ್ಲಿ ಅದನ್ನು ಮಾರುವ ಕಂಪನಿ ಹುಟ್ಟಿತು. ಆ ಹಲಸಿನ ಬುಡದಲ್ಲಿದ್ದ ಚೈನಿನಲ್ಲೂ ಎಡಕ್ಕೊಂದು ಬಲಕ್ಕೊಂದು ಹಲ್ಲು, ಅದೇ ಹುಳುವಿನ ದವಡೆ. ಪ್ರತಿ ಹಲ್ಲಿನ ಮುಂದೆ ಒಂದು ಪುಟ್ಟ ಗೂನು. "ನಮ್ಮ ಉಜ್ಜುಗೊರಡಿನ ಲೆಕ್ಕವೇ" ಎಂದರು ಆಚಾರ್ರು. ಉಳಿ ತಳದಿಂದ ಎಷ್ಟು ಹೊರಗೆ ಚಾಚಿದೆಯೋ ಅಷ್ಟೇ ದಪ್ಪದ ಹೊರೆ ಏಳುತ್ತದೆ. ಹಾಗೆಯೇ ಗೂನು ಹಲ್ಲಿಗಿಂತ ಎಷ್ಟು ತಗ್ಗಿದೆಯೋ ಅಷ್ಟು ಆಳಕ್ಕೆ ಹಲ್ಲು ಇಳಿಯುತ್ತದೆ. ಪೆಟ್ಟಿಗೆಯಲ್ಲೇ ಉಳಿದಿದ್ದ ಕೈಪಿಡಿಯನ್ನು ಹುಡುಗ ಓದಿ ಹೇಳಿದ: 0.65 ಮಿ.ಮೀ. ಅದಕ್ಕಿಂತ ಹೆಚ್ಚು ತಗ್ಗಿಸಿದರೆ ಹಲ್ಲು ಮರಕ್ಕೆ ಸಿಕ್ಕಿ ಗರಗಸವೇ ಕೊಯ್ಯುವವನತ್ತ ಹಾರಬಹುದು.

4 ಮಿ.ಮೀ. ಗುಂಡು ಅರ, 30 ಡಿಗ್ರಿ ಓರೆ, ಒಳಗಿನಿಂದ ಹೊರಕ್ಕೆ ಮಾತ್ರ ಎಳೆತ, ಪ್ರತಿ ಹಲ್ಲಿಗೂ ಒಂದೇ ಲೆಕ್ಕ. ಹುಡುಗ ಎಣಿಸುತ್ತ ಹೋದ. ಇಪ್ಪತ್ತೆಂಟು ಹಲ್ಲು ಮುಗಿಯುವಷ್ಟರಲ್ಲಿ ಕಾಫಿ ತಣಿದಿತ್ತು. ಈಗ ಚೆಕ್ಕೆ ಬಿತ್ತು, ಆದರೆ ಕೊಯ್ತ ಇನ್ನೂ ಬಲಕ್ಕೇ ವಾಲಿತು!

ಮತ್ತೆ ಪ್ಲಗ್ ಕಿತ್ತು ಬಾರ್ ಬಿಚ್ಚಿದರು. ಆಚಾರ್ರು ಅದನ್ನು ಸಮತಟ್ಟಾದ ಹಲಗೆಯ ಮೇಲೆ ಅಂಚಿನಲ್ಲಿ ನಿಲ್ಲಿಸಿ ಪಕ್ಕದಲ್ಲಿ ಮೂಲೆಮಟ್ಟ ಇಟ್ಟರು. ಬಾರ್ ಬಲಕ್ಕೆ ಒರಗಿತ್ತು. ಚೈನು ಓಡುವ ಸೀಳಿನ ಎರಡು ಅಂಚುಗಳಲ್ಲಿ ಒಂದು ಹೆಚ್ಚು ಸವೆದು, ಹೊರಗೆ ಮುಳ್ಳಿನಂಥ ಚೂಪು ಎದ್ದಿತ್ತು. ಎಣ್ಣೆಯಿಲ್ಲದೆ ಓಡಿದ್ದರ ಫಲ. ಚಪ್ಪಟೆ ಅರದಿಂದ ಎರಡನ್ನೂ ಸಮಮಾಡಿ, ಸೀಳಿನ ಕೊಳೆಯನ್ನು ತೆಳು ತಗಡಿನಿಂದ ಕೆರೆದು, ಬಾರನ್ನು ಮೇಲು ಕೆಳಗಾಗಿ ತಿರುಗಿಸಿ ಕೂರಿಸಿದರು. ಹೀಗೆ ಆಗಾಗ ತಿರುಗಿಸಿದರೆ ಎರಡೂ ಕಡೆ ಸಮನಾಗಿ ಸವೆಯುತ್ತದೆ, ಬಾರ್ ಹೆಚ್ಚು ದಿನ ಬಾಳುತ್ತದೆ. ಪೇಟೆಯಿಂದ ಸರಿಯಾದ ಚೈನ್ ಎಣ್ಣೆ ಬಂತು. ಗರಗಸ ಓಡಿಸಿ ಅದರ ತುದಿಯನ್ನು ಹಳೆಯ ರಟ್ಟಿಗೆ ತಾಗದಂತೆ ಹಿಡಿದಾಗ ರಟ್ಟಿನ ಮೇಲೆ ಎಣ್ಣೆಯ ಗೆರೆ ಮೂಡಿತು.

ನಾಲ್ಕು ತುಂಡು ನೆಟ್ಟಗೆ ಬಿದ್ದವು. ಚೈನು ಸ್ವಲ್ಪ ಜೋತಿದ್ದನ್ನು ಕಂಡ ಅಪ್ಪಯ್ಯ ಬಿಗಿಮಾಡಲು ಹೋದರು. ಈ ಬಾರಿ ತಡೆದವನು ಮಗ. ಉಕ್ಕು ಪ್ರತಿ ಡಿಗ್ರಿಗೆ ಹತ್ತು ಲಕ್ಷದಲ್ಲಿ ಸುಮಾರು 12 ಭಾಗ ಹಿಗ್ಗುತ್ತದೆ. ಒಂದು ಮೀಟರಿಗೆ ತುಸು ಮೀರಿದ ಚೈನು 80 ಡಿಗ್ರಿ ಹೆಚ್ಚು ಬಿಸಿಯಾದರೆ ಒಂದು ಮಿ.ಮೀ. ಬೆಳೆಯುತ್ತದೆ. ಜೋತುಬೀಳಲು ಅಷ್ಟು ಸಾಕು. ಬಿಸಿಯಿದ್ದಾಗಲೇ ಬಿಗಿದರೆ ತಣಿದ ಮೇಲೆ ಬಾರನ್ನು ಹಿಚುಕುತ್ತದೆ. ತಣ್ಣಗಿರುವಾಗ ಚೈನು ಬಾರ್‌ನ ಕೆಳಗೆ ತಾಗಿಕೊಂಡಿರಬೇಕು, ಕೈಚೀಲದ ಕೈಯಿಂದ ಎಳೆದರೆ ಸಲೀಸಾಗಿ ಓಡಬೇಕು. "ಪರೀಕ್ಷೆಗೆ ಉರು ಹೊಡೆದದ್ದು ಇದೇ ಅಪ್ಪಯ್ಯ" ಎಂದ ಹುಡುಗ, ತುಸು ನಾಚಿಕೊಂಡು.

ಕೊಯ್ಯುವುದು ಅಪ್ಪಯ್ಯ, ಆರೈಕೆ ಮಗ ಎಂದು ಅಮ್ಮ ಅಂದೇ ತೀರ್ಮಾನಿಸಿದರು. ಊಟಕ್ಕೆ ಕರೆದರೂ ಏಳದೆ ಅವನು ಚೈನು ತಣಿಯುವುದನ್ನೇ ಕಾಯುತ್ತ ಕುಳಿತಿದ್ದ. ಪ್ಲಗ್ ಅಮ್ಮನ ಕೈಯಲ್ಲಿತ್ತು.