ಹಳೆಯ ಕಾರಿನ ಹಿಂದಿನ ದೀಪ

ತನ್ನ ಬೆನ್ನು ತನಗೆ ಕಾಣದು ಎಂಬ ಹಿರಿಯರ ಮಾತು ಮನುಷ್ಯರಿಗೆ ಹೇಗೋ ಕಾರಿಗೂ ಹಾಗೆಯೇ. ಮುಂದಿನ ದೀಪ ಮಂದವಾದರೆ ಓಡಿಸುವವನು ಮರುದಿನವೇ ಗ್ಯಾರೇಜಿಗೆ ಹೋಗುತ್ತಾನೆ. ಹಿಂದಿನ ದೀಪ ಅವನ ಕಣ್ಣಿಗೆ ಬೀಳುವುದೇ ಇಲ್ಲ. ಅದನ್ನು ನೋಡಬೇಕಾದವನು ಹಿಂದಿನಿಂದ ಬರುವ ಲಾರಿಯವನು. ಅವನಿಗೆ ಅದು ಕಂಡರೆ ಉಳಿಯುವುದು ಮಾತ್ರ ನಮ್ಮ ಜೀವ. ನಮ್ಮವರ ಅನೇಕ ಮನೆಗಳಲ್ಲಿ ಇಂದಿಗೂ ತಂದೆಯ ಕಾಲದ ಅಂಬಾಸಿಡರ್, ಫಿಯಟ್ ಕಾರುಗಳಿವೆ. ಅವರಿಗೆ ಪ್ರಯೋಜನವಾದೀತೆಂದು ಈ ನಾಲ್ಕು ಮಾತು. ನಾನು ಎಸ್.ಎಸ್.ಎಲ್.ಸಿ. ಮುಗಿಸಿ ಅಂಗಡಿಯಲ್ಲಿ ಕುಳಿತವನು, ಇಂಜಿನಿಯರನಲ್ಲ; ಕಣ್ಣಾರೆ ಕಂಡು ಮಾಡಿಸಿದ್ದನ್ನಷ್ಟೇ ಬರೆಯುತ್ತೇನೆ.

ನಮ್ಮದು ಅಂಬಾಸಿಡರ್ ಮಾರ್ಕ್ 4. ತಂದೆಯವರು 1983ರಲ್ಲಿ ಕೊಂಡದ್ದು. ಆಗ ಕಾಸರಗೋಡು ಇನ್ನೂ ಜಿಲ್ಲೆಯಾಗಿರಲಿಲ್ಲ. ಅದಾದದ್ದು 1984ರ ಮೇ 24ರಂದು. ಅಡಿಕೆ ವ್ಯಾಪಾರಕ್ಕಾಗಿ ಕುಂಬಳೆಯಿಂದ ಮಂಗಳೂರಿನ ಬಂದರಿಗೆ ಅದೆಷ್ಟು ಸಲ ಹೋಗಿ ಬಂದಿದೆಯೋ ಲೆಕ್ಕವಿಲ್ಲ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ ಬಂದ ಈ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಅದರ ಪುಟ್ಟ ಹಿಂದಿನ ದೀಪಗಳು ಆ ಕಾಲದ ರಸ್ತೆಗೆ ಸಾಕಾಗಿದ್ದವು. ಆಗ ಹೆದ್ದಾರಿಯಲ್ಲಿ ಹೋಗುವುದಕ್ಕೊಂದು, ಬರುವುದಕ್ಕೊಂದು ದಾರಿ. ಎಲ್ಲರದೂ ನಿಧಾನದ ಓಟ. ಈಗ ತಲಪಾಡಿಯಿಂದ ಚೆಂಗಳದವರೆಗೆ 39 ಕಿಲೋಮೀಟರ್ ಆರು ಪಥದ ರಸ್ತೆ. ವಾಹನಗಳ ವೇಗ ಹೆಚ್ಚಿದೆ, ನಮ್ಮ ಕಾರಿನ ದೀಪ ಮಾತ್ರ ಅಂದಿನದೇ.

ಎರಡು ವರ್ಷದ ಹಿಂದೆ ಜೂನ್ ತಿಂಗಳಲ್ಲಿ ಮೂಡಬಿದಿರೆಯ ಬಂಧುಗಳ ಗೃಹಪ್ರವೇಶ ಮುಗಿಸಿ ರಾತ್ರಿ ಹಿಂದಿರುಗುತ್ತಿದ್ದೆವು. ತಲಪಾಡಿ ದಾಟುತ್ತಿದ್ದಂತೆ ಮಳೆ ಸುರಿಯತೊಡಗಿತು. ಹಿಂದಿನ ಸೀಟಿನಲ್ಲಿ ನನ್ನ ಹೆಂಡತಿ, ಇಬ್ಬರು ಮೊಮ್ಮಕ್ಕಳು. ತಮ್ಮ ತನ್ನ ಹೊಸ ಕಾರಿನಲ್ಲಿ ನಮ್ಮ ಹಿಂದೆಯೇ ಬರುತ್ತಿದ್ದ. ಮನೆ ತಲುಪಿ ಕೊಡೆ ಮಡಚುವ ಮೊದಲೇ ಹೇಳಿದ: "ಅಣ್ಣಾ, ಉಪ್ಪಳದಲ್ಲಿ ನೀವು ಬ್ರೇಕ್ ಹಾಕಿದ್ದು ನನಗೆ ಗೊತ್ತೇ ಆಗಲಿಲ್ಲ. ತೀರಾ ಹತ್ತಿರ ಬಂದ ಮೇಲೆ ಕಂಡಿತು. ನನ್ನ ಬದಲು ಗ್ಯಾಸ್ ಟ್ಯಾಂಕರ್ ಇದ್ದಿದ್ದರೆ?" ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಬೆಳಿಗ್ಗೆ ಮಗ ತನ್ನ ಅಭಿಪ್ರಾಯ ಹೇಳಿದ: "ಅಪ್ಪಾ, ಇನ್ನು ಇದನ್ನು ಶೆಡ್ಡಿನಲ್ಲಿ ನಿಲ್ಲಿಸೋಣ. ಧರ್ಮಸ್ಥಳದ ಮ್ಯೂಸಿಯಂನಲ್ಲಿ ಇಟ್ಟ ಹಾಗೆ ಚೆಂದವಾಗಿ ಒರೆಸಿ ಇಡುವ." ಪೂಜ್ಯ ವೀರೇಂದ್ರ ಹೆಗ್ಗಡೆಯವರು ಸಂಗ್ರಹಿಸಿದ ಆ ಹಳೆಯ ಕಾರುಗಳನ್ನು ನಾನೂ ಕಣ್ತುಂಬ ನೋಡಿದ್ದೇನೆ. ಆದರೆ ಮ್ಯೂಸಿಯಂನಲ್ಲಿ ನಿಂತ ಕಾರಿನ ಹಿಂದೆ ಲಾರಿ ಬರುವುದಿಲ್ಲ. ನಮ್ಮದು ಇನ್ನೂ ಓಡುವ ಕಾರು. ಓಡಿಸಬೇಕೆಂದರೆ ಕಾಣುವಂತೆ ಓಡಿಸಬೇಕು, ಇಲ್ಲವಾದರೆ ನಿಲ್ಲಿಸಬೇಕು, ಮೂರನೆಯ ದಾರಿಯಿಲ್ಲ. ಹೀಗೆಂದು ನಿಶ್ಚಯಿಸಿ ನಮ್ಮೂರಿನ ಹಳಬ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿದೆ.

ಅವರು ಹೊಸ ಬಲ್ಬಿನ ಮಾತನ್ನೇ ಎತ್ತಲಿಲ್ಲ. ಮೊದಲು ಕೆಂಪು ಗಾಜನ್ನು ಕಳಚಿದರು. ಒಳಗಿನ ಬೆಳ್ಳಿ ಬಣ್ಣದ ಬಟ್ಟಲು ಕಡಲ ಗಾಳಿಗೆ ಕಪ್ಪಾಗಿತ್ತು. ಬಲ್ಬಿನ ಅರ್ಧ ಬೆಳಕನ್ನು ಹಿಂದಕ್ಕೆ ಹೊಡೆಯಬೇಕಾದದ್ದು ಆ ಬಟ್ಟಲೇ. ಅದನ್ನು ಉಜ್ಜಿ ಬೆಳ್ಳಿ ಬಣ್ಣ ಕೊಟ್ಟರು, ಗಾಜನ್ನು ಸಾಬೂನು ನೀರಿನಲ್ಲಿ ತೊಳೆದರು, ಮಳೆನೀರು ಒಳಗಿಳಿಯದಂತೆ ಹೊಸ ರಬ್ಬರ್ ಕೂರಿಸಿದರು.

ಎರಡನೆಯದು ಅರ್ತ್. ಹಿಂದಿನ ದೀಪದಿಂದ ಕರೆಂಟು ಬ್ಯಾಟರಿಗೆ ಮರಳುವುದು ಕಾರಿನ ತಗಡಿನ ಮೂಲಕ. ನಮ್ಮ ಕರಾವಳಿಯಲ್ಲಿ ಆ ತಗಡು ತುಕ್ಕು ಹಿಡಿಯದೆ ಇರುತ್ತದೆಯೇ? ಮೀಟರ್ ಇಟ್ಟು ನೋಡಿದರೆ ಬ್ಯಾಟರಿಯಲ್ಲಿ 12.5 ವೋಲ್ಟ್, ಬಲ್ಬಿನ ಹೋಲ್ಡರಿನಲ್ಲಿ 10.5. ಎರಡೇ ವೋಲ್ಟ್ ಎನ್ನಬೇಡಿ. ತಂತಿಯ ಬಲ್ಬಿಗೆ ವೋಲ್ಟೇಜು ಹತ್ತರಲ್ಲಿ ಒಂದು ಪಾಲು ಇಳಿದರೆ ಬೆಳಕು ಸುಮಾರು ಮೂರರಲ್ಲಿ ಒಂದು ಪಾಲು ಇಳಿಯುತ್ತದೆ. ನಮ್ಮದರಲ್ಲಿ ಹೆಚ್ಚು ಕಡಿಮೆ ಅರ್ಧ ಬೆಳಕೇ ದಾರಿಯಲ್ಲಿ ಸೋರಿ ಹೋಗುತ್ತಿತ್ತು. ಎರಡೂ ಹೋಲ್ಡರುಗಳಿಂದ ಬೇರೆಯೇ ಅರ್ತ್ ವಯರ್ ಎಳೆದು, ತುಕ್ಕು ಕೆರೆದ ಜಾಗಕ್ಕೆ ಬಿಗಿದರು. ಹಳೆಯ ಬಲ್ಬೇ ಹೊಸದರಂತೆ ಉರಿಯಿತು.

ಮೂರನೆಯದು ಬಲ್ಬು. ಒಂದೇ ಬಲ್ಬಿನಲ್ಲಿ ಎರಡು ತಂತಿ: ರಾತ್ರಿ ಸದಾ ಉರಿಯುವುದು 5 ವಾಟ್, ಬ್ರೇಕ್ ಹಾಕಿದಾಗ ಉರಿಯುವುದು 21 ವಾಟ್. ಈ ನಾಲ್ಕು ಪಟ್ಟಿನ ಅಂತರದಿಂದಲೇ ಹಿಂದಿನವನಿಗೆ ನಾವು ನಿಲ್ಲುತ್ತಿದ್ದೇವೆಂದು ತಿಳಿಯುವುದು. ಬೆಳಕು ಹೆಚ್ಚಲೆಂದು ದೊಡ್ಡ ವಾಟಿನ ಬಲ್ಬು ಹಾಕಿಸಬೇಡಿ. ವಯರ್ ಬಿಸಿಯಾಗುತ್ತದೆ, ಪ್ಲಾಸ್ಟಿಕ್ ಗಾಜು ಕರಗುತ್ತದೆ. ಸದಾ ಉರಿಯುವ ದೀಪವೇ ಅತಿಯಾಗಿ ಬೆಳಗಿದರೆ ಬ್ರೇಕಿನ ದೀಪ ಬೇರೆಯಾಗಿ ತೋರುವುದಿಲ್ಲ. ಹಾಗೆಯೇ ಪೆಡಲನ್ನು ತುಸು ಒತ್ತಿದೊಡನೆ ದೀಪ ಹತ್ತುತ್ತದೆಯೇ ನೋಡಿ; ಇಲ್ಲವಾದರೆ ಬ್ರೇಕ್ ಸ್ವಿಚ್ ಬದಲಿಸಿ.

ಈಗ ಎಲ್ಲರೂ ಕೇಳುವುದು ಎಲ್.ಇ.ಡಿ. ಬಗ್ಗೆ. ಅದರಲ್ಲೊಂದು ದೊಡ್ಡ ಗುಣವಿದೆ. ತಂತಿಯ ಬಲ್ಬು ಕಾದು ಪೂರ್ಣ ಬೆಳಗಲು ಸುಮಾರು ಸೆಕೆಂಡಿನ ಐದನೇ ಒಂದು ಪಾಲು ಬೇಕು, ಎಲ್.ಇ.ಡಿ. ತಕ್ಷಣ ಹೊತ್ತುತ್ತದೆ. ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಬರುವ ವಾಹನ ಅಷ್ಟರೊಳಗೆ ಐದು ಮೀಟರ್ ಮುಂದೆ ಬಂದಿರುತ್ತದೆ. ಐದು ಮೀಟರ್ ಎಂದರೆ ಒಂದು ಕಾರಿಗಿಂತಲೂ ಉದ್ದ. ಆದರೆ ಅಂಗಡಿಯಲ್ಲಿ ಸಿಕ್ಕಿದ್ದೆಲ್ಲ ಒಳ್ಳೆಯದಲ್ಲ. ಪರೀಕ್ಷೆಗೆಂದು ಒಂದು ಬದಿಗೆ ಅಗ್ಗದ ಎಲ್.ಇ.ಡಿ. ಹಾಕಿ ನೋಡಿದೆವು. ನೇರ ಹಿಂದೆ ನಿಂತರೆ ಝಗಝಗ, ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಮಂಕು. ಬಟ್ಟಲಿಗೆ ಸುತ್ತಲೂ ಬೆಳಕು ಚೆಲ್ಲದಿದ್ದುದೇ ಅದಕ್ಕೆ ಕಾರಣ. ಕೆಂಪು ಗಾಜಿನ ಹಿಂದೆ ಕೆಂಪು ಎಲ್.ಇ.ಡಿ.ಯೇ ಬೇಕು; ಬಿಳಿಯದರ ಬೆಳಕಿನ ಹೆಚ್ಚಿನ ಪಾಲನ್ನು ಗಾಜೇ ತಡೆಯುತ್ತದೆ. ಇಂಡಿಕೇಟರಿಗೆ ಹಾಕಿದರೆ ಹಳೆಯ ಫ್ಲ್ಯಾಶರ್ ಸರಿಯಾಗಿ ಮಿನುಗುವುದಿಲ್ಲ, ಅದನ್ನೂ ಬದಲಿಸಬೇಕು. ಇನ್ನೂ ಹಳೆಯ ಇಂಗ್ಲಿಷ್ ಕಾರುಗಳಲ್ಲಿ ಬ್ಯಾಟರಿಯ ಪ್ಲಸ್ ಬದಿಯನ್ನು ಬಾಡಿಗೆ ಕಟ್ಟಿರುತ್ತಾರೆ. ಅಂಥ ಕಾರಿಗೆ ಸಾಮಾನ್ಯ ಎಲ್.ಇ.ಡಿ. ಉರಿಯದು.

ಕೊನೆಗೆ ನಾವು ಮೂಲ ದೀಪಗಳಲ್ಲಿ 21/5 ವಾಟಿನ ಬಲ್ಬುಗಳನ್ನೇ ಉಳಿಸಿಕೊಂಡು, ಹಿಂದಿನ ಕಿಟಕಿಯ ಒಳಗೆ ಒಂದು ಎಲ್.ಇ.ಡಿ. ಬ್ರೇಕ್ ದೀಪ ಸೇರಿಸಿದೆವು. ಅಮೆರಿಕದಲ್ಲಿ 1986ರ ಮಾದರಿಯಿಂದ ಹೊಸ ಕಾರುಗಳಿಗೆ ಇಂಥ ಮೂರನೆಯ ದೀಪ ಕಡ್ಡಾಯ. ಎತ್ತರದಲ್ಲಿರುವುದರಿಂದ ಕೆಸರು ನೀರು ಎರಚಿದರೂ ಅದು ಕಾಣುತ್ತದೆ. ತಂದೆಯವರ ಕಾರಿನ ಬಾಡಿಗೆ ಒಂದು ತೂತನ್ನೂ ಕೊರೆಯಲಿಲ್ಲ.

ಕಾನೂನೂ ತಿಳಿದಿರಲಿ. ಕಾರಿನ ಮೂಲ ರೂಪವನ್ನು ಮನಬಂದಂತೆ ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯಿದೆ ಒಪ್ಪುವುದಿಲ್ಲ. 1989ರ ಕೇಂದ್ರ ನಿಯಮಗಳ ಪ್ರಕಾರ ಹಿಂದಿನ ಕೆಂಪು ದೀಪ 155 ಮೀಟರ್ ದೂರಕ್ಕೆ ಕಾಣಬೇಕು, ಎರಡು ಬದಿಗೂ ಕೆಂಪು ರಿಫ್ಲೆಕ್ಟರ್ ಇರಬೇಕು. ನಮ್ಮ ತೋಟದ ದಾರಿಯಲ್ಲಿ 155 ಮೀಟರ್ ಅಳೆದು, ರಾತ್ರಿ ಮಗನನ್ನು ಕಾರಿನಲ್ಲಿ ಕೂರಿಸಿ, ಆ ತುದಿಯಲ್ಲಿ ನಿಂತು ನೋಡಿದೆ. ಸಣ್ಣ ಮಳೆಯಿತ್ತು. ಕೆಂಪು ದೀಪ ಸ್ಪಷ್ಟವಾಗಿತ್ತು. ಬ್ರೇಕ್ ತುಳಿದಾಗ "ನಿಲ್ಲು" ಎಂದು ಕೂಗಿದಂತೆ ಹೊತ್ತಿತು.

ಒಟ್ಟು ಖರ್ಚು ಒಂದು ಹೊಸ ಟಯರಿನ ಬೆಲೆಯನ್ನೂ ಮುಟ್ಟಲಿಲ್ಲ. ವ್ಯಾಪಾರಿಗಳಾದ ನಮಗೆ ಲಾಭ ನಷ್ಟದ ಲೆಕ್ಕ ಯಾರೂ ಕಲಿಸಬೇಕಾಗಿಲ್ಲ. ಮುಂಗಾರಿಗೆ ಮೊದಲು ಒಂದು ಸಂಜೆ ಮನೆಯವರೊಬ್ಬರಿಗೆ ಬ್ರೇಕ್ ತುಳಿಯಲು ಹೇಳಿ, ನೀವು ಕಾರಿನ ಹಿಂದೆ ಐವತ್ತು ಹೆಜ್ಜೆ ನಡೆದು ತಿರುಗಿ ನೋಡಿ. ಗ್ಯಾರೇಜಿಗೆ ಹೋಗಬೇಕೋ ಬೇಡವೋ ಎಂಬುದು ಅಲ್ಲೇ ತಿಳಿಯುತ್ತದೆ.