ಕಪಿಲೆಯ ಹರಿಗೋಲು, ಗ್ರೀಕರ ಯಮ

ಮೊಮ್ಮಗಳು ದಾಳಿಂಬೆ ಬೇಡ ಎಂದಾಗಲೇ ನನಗೆ ಅನುಮಾನ ಬರಬೇಕಿತ್ತು. ನಂಜನಗೂಡಿನ ದೇವಸ್ಥಾನದ ಮುಂದಿನ ಅಂಗಡಿಯಲ್ಲಿ ಕೆಂಪು ಹಣ್ಣುಗಳನ್ನು ಗುಡ್ಡೆ ಹಾಕಿದ್ದರು. ಹೋದ ವರ್ಷದವರೆಗೂ ಅದು ಅವಳ ಪ್ರಾಣ. ಈಗ ಮುಖ ತಿರುಗಿಸಿ, "ಬಾಳೆಹಣ್ಣು ಸಾಕು ತಾತ" ಅಂದಳು. ನಾನು ರಸಬಾಳೆ ಕೇಳಿದೆ. ಅಂಗಡಿಯವನು ನಕ್ಕು ಏಲಕ್ಕಿ ಬಾಳೆಯ ಚಿಪ್ಪು ಕೊಟ್ಟ. 80ರ ದಶಕದಲ್ಲಿ ನಾನು ಇದೇ ಊರಿನ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ನಂಜನಗೂಡಿನಲ್ಲಿ ರಸಬಾಳೆ ಕೇಳಿದರೆ ಯಾರೂ ನಗುತ್ತಿರಲಿಲ್ಲ.

ನನ್ನಾಕೆ ತೀರಿಕೊಂಡು ವರ್ಷ ಆಗಿತ್ತು. ಅಸ್ಥಿ ಬಿಟ್ಟದ್ದು ತಿರುಮಕೂಡಲು ನರಸೀಪುರದ ಸಂಗಮದಲ್ಲಿ. ಆಗ ಮಕ್ಕಳನ್ನು ಕರೆದುಕೊಂಡು ಹೋಗಿರಲಿಲ್ಲ. ಏಪ್ರಿಲ್ ರಜೆಗೆ ಮೈಸೂರಿಗೆ ಬಂದ ಹತ್ತು ವರ್ಷದ ಹುಡುಗಿ, "ಅಜ್ಜಿ ಹೋದ ಜಾಗ ತೋರಿಸು" ಎಂದು ಹಟ ಹಿಡಿದಳು. ಮೊದಲು ನಂಜುಂಡನಿಗೆ ಕೈ ಮುಗಿದು, ಆಮೇಲೆ ಸಂಗಮಕ್ಕೆ ಹೋಗುವುದೆಂದು ಹೊರಟೆವು. ಅವಳ ಚೀಲದಲ್ಲಿ ಹುಟ್ಟುಹಬ್ಬಕ್ಕೆ ಬಂದ ಗ್ರೀಕ್ ಪುರಾಣದ ಪುಸ್ತಕವಿತ್ತು. ಅದರಲ್ಲಿ ಪಾತಾಳದ ರಾಜ ಹೇಡೀಸನ ಪುಟ ಮಾತ್ರ ಮೂಲೆ ಮಡಿಸಿ ಮಡಿಸಿ ಸವೆದಿತ್ತು.

ಕಪಿಲೆಯಲ್ಲಿ ಕಾಲು ತೊಳೆದು ಬಂದು ಗೋಪುರದ ಕೆಳಗೆ ನಿಂತೆವು. ಏಳು ಅಂತಸ್ತು, 120 ಅಡಿ. ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ 1845ರಲ್ಲಿ ಕಟ್ಟಿಸಿದ್ದು. ನಂಜು ಉಂಡವನು ನಂಜುಂಡ ಎಂದು ಹೇಳಿದೆ. ಟಿಪ್ಪು ಸುಲ್ತಾನನ ಆನೆಯ ಕಣ್ಣು ವಾಸಿಯಾಗಿ, ಅವನು ಪಚ್ಚೆಯ ಲಿಂಗ ಕೊಟ್ಟು 'ಹಕೀಮ ನಂಜುಂಡ' ಎಂದು ಕರೆದ ಕಥೆಯನ್ನೂ ಹೇಳಿದೆ. ಯಮನನ್ನು ಒದ್ದು ಮಾರ್ಕಂಡೇಯನನ್ನು ಉಳಿಸಿದವನೂ ಈ ಶಿವನೇ ಅಂದೆ.

"ಹಾಗಾದ್ರೆ ಅಜ್ಜಿ ಬಂದಾಗ ಯಾಕೆ ಒದೀಲಿಲ್ಲ?"

ಉತ್ತರ ಹೊಳೆಯಲಿಲ್ಲ. ಮೂವತ್ತು ವರ್ಷ ಕೌಂಟರಿನಲ್ಲಿ ಕೂತವನಿಗೆ ಒಂದು ಉಪಾಯ ಗೊತ್ತಿರುತ್ತದೆ. ಉತ್ತರ ಇಲ್ಲದಿದ್ದರೆ ಕಡತ ತೆರೆಯಬೇಕು. "ಎಲ್ಲಿ, ನಿನ್ನ ಪುಸ್ತಕ ಕೊಡು" ಅಂದೆ.

ಬಸ್ಸಿನಲ್ಲಿ ಇಬ್ಬರೂ ಓದುತ್ತಾ ಹೋದೆವು. ಕಪಿಲೆ ನಂಜನಗೂಡು ಬಿಟ್ಟು, ಸುತ್ತೂರಿನ ಮಗ್ಗುಲಲ್ಲಿ ಹರಿದು, ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ನಮ್ಮ ಬಸ್ಸೂ ಹೆಚ್ಚುಕಡಿಮೆ ಅದರ ಜೊತೆಗೇ ಹೊರಟಿತ್ತು.

ಗ್ರೀಕರ ಕಥೆ ಹೀಗೆ. ಅಣ್ಣತಮ್ಮಂದಿರು ಮೂವರು ಲೋಕವನ್ನು ಪಾಲು ಮಾಡಿಕೊಳ್ಳಲು ಚೀಟಿ ಎತ್ತಿದರು. ಆಕಾಶ ಸ್ಯೂಸನಿಗೆ, ಕಡಲು ಪೊಸೈಡನ್‌ನಿಗೆ, ಸತ್ತವರ ಲೋಕ ಹೇಡೀಸನಿಗೆ. ಅಂದರೆ ಹೇಡೀಸ್ ರಾಕ್ಷಸನಲ್ಲ, ಯಾರಿಗೂ ಬೇಡದ ಊರಿಗೆ ವರ್ಗವಾದ ಅಧಿಕಾರಿ! ಅವನು ಯಾರನ್ನೂ ಕೊಲ್ಲುವುದಿಲ್ಲ. ಸಾವಿನ ದೇವತೆಯೇ ಬೇರೆ, ಥಾನಟಾಸ್ ಎಂದು. ಬಂದವರನ್ನು ಇರಿಸಿಕೊಳ್ಳುವುದಷ್ಟೇ ಹೇಡೀಸನ ಕೆಲಸ. ಆದರೂ ಗ್ರೀಕರಿಗೆ ಅವನ ಹೆಸರೆತ್ತಲು ಭಯ. ಅದಕ್ಕೇ ಪ್ಲೂಟೋ ಎಂದು ಕರೆದರು. ಅದರ ಅರ್ಥ ಸಿರಿವಂತ ಎಂದು, ಬೆಳೆಯೂ ಚಿನ್ನವೂ ಬರುವುದು ನೆಲದ ಒಳಗಿಂದ ತಾನೇ? ನಾವೂ ಹೊರಡುವಾಗ 'ಹೋಗ್ತೀನಿ' ಅನ್ನದೆ 'ಹೋಗಿ ಬರ್ತೀನಿ' ಅನ್ನುತ್ತೇವಲ್ಲ, ಅದೇ ಭಯ.

1930ರಲ್ಲಿ ದೂರದ ಕತ್ತಲಲ್ಲಿ ಒಂದು ಗ್ರಹ ಸಿಕ್ಕಾಗ ಅದಕ್ಕೆ ಪ್ಲೂಟೋ ಎಂಬ ಹೆಸರು ಸೂಚಿಸಿದವಳು ಇಂಗ್ಲೆಂಡಿನ ಹನ್ನೊಂದು ವರ್ಷದ ಹುಡುಗಿ, ವೆನೀಶಿಯಾ ಬರ್ನಿ. ಮಕ್ಕಳೇ, ಇದನ್ನು ನನಗೆ ಹೇಳಿಕೊಟ್ಟವಳು ಮೊಮ್ಮಗಳು. 2006ರಲ್ಲಿ ಅದನ್ನು ಗ್ರಹಗಳ ಪಟ್ಟಿಯಿಂದ ತೆಗೆದು ಕುಬ್ಜಗ್ರಹ ಮಾಡಿದ್ದು ಅವಳಿಗೆ ಇನ್ನೂ ಸಿಟ್ಟು.

ನಮ್ಮ ಯಮನನ್ನೂ ಕ್ಯಾಲೆಂಡರಿನ ಕೋಣ, ಪಾಶ ನೋಡಿ ಅಳೆಯಬಾರದು. ಋಗ್ವೇದದಲ್ಲಿ ಅವನು ಮೊದಲು ಸತ್ತು, ಹಿಂದೆ ಬರುವವರಿಗೆ ದಾರಿ ಕಂಡುಹಿಡಿದವನು. ಅವನ ಬಾಗಿಲಲ್ಲಿ ನಾಲ್ಕು ಕಣ್ಣಿನ ಎರಡು ನಾಯಿಗಳು, ಹೇಡೀಸನ ಬಾಗಿಲಲ್ಲಿ ಮೂರು ತಲೆಯ ಸರ್ಬರಸ್. ಇಲ್ಲಿ ವೈತರಣಿ, ಅಲ್ಲಿ ಸ್ಟಿಕ್ಸ್, ಅಕೆರಾನ್ ನದಿಗಳು. ಅಕೆರಾನ್ ಎಂಬ ನದಿ ಗ್ರೀಸಿನ ವಾಯವ್ಯ ಮೂಲೆಯಲ್ಲಿ ಇವತ್ತಿಗೂ ಹರಿಯುತ್ತಿದೆ. ಅಲ್ಲಿನವರಿಗೂ ಪರಲೋಕದ ನದಿ ಎಂದರೆ ತಮ್ಮ ಊರ ನದಿಯೇ. ಗ್ರೀಕರಲ್ಲಿ ತೀರ್ಪು ಕೊಡಲು ಮೂವರು ನ್ಯಾಯಾಧೀಶರಿದ್ದಾರೆ, ಲೆಕ್ಕ ಬರೆಯುವ ನಮ್ಮ ಚಿತ್ರಗುಪ್ತನಂಥ ಗುಮಾಸ್ತ ಇಲ್ಲ. ನಮ್ಮ ಕಡೆಯದೇ ಮೇಲು ಎಂದು ನನ್ನ ಅಭಿಪ್ರಾಯ. ಕೆಲಸದ ಅಭಿಮಾನ ಇರಬಹುದು!

ನರಸೀಪುರದಲ್ಲಿ ಗುಂಜಾ ನರಸಿಂಹಸ್ವಾಮಿ ದೇವಸ್ಥಾನಕ್ಕೆ ಹೋದೆವು. ಸ್ವಾಮಿಯ ಕೈಯಲ್ಲಿ ಗುಲಗಂಜಿ ಇದೆ. ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂದು ಅದರ ಅರ್ಥ. ಹಿಂದೆ ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದದ್ದು ಇದರಲ್ಲೇ. ಕೆಂಪು ಮೈ, ಕಪ್ಪು ಬೊಟ್ಟು, ನೋಡಲು ಚೆಂದ, ಒಳಗೆ ಮಾತ್ರ ನಂಜು. ಮಕ್ಕಳು ಬಾಯಿಗೆ ಹಾಕಬಾರದು. ಅರ್ಚಕರು ಆರತಿಯ ಬೆಳಕಿನಲ್ಲಿ ಸ್ವಾಮಿಯ ಕೈ ತೋರಿಸಿದಾಗ ಮೊಮ್ಮಗಳು ನನ್ನ ಕೈ ಬಿಗಿಯಾಗಿ ಹಿಡಿದಳು.

"ಒಂದೇ ಒಂದು ಬೀಜ ಸಾಕಾ ತಾತ?"

ನಾನು ತೂಕದ ಮಾತು ಎಂದುಕೊಂಡು "ಸಾಕು ಮರಿ" ಅಂದೆ. ಎಂಥ ದಡ್ಡತನ!

ಸಂಗಮದಲ್ಲಿ ನೀರು ಕಡಿಮೆಯಿತ್ತು, ಮರಳು ಕಾಣುತ್ತಿತ್ತು. 1989ರಿಂದ ಮೂರು ವರ್ಷಕ್ಕೊಮ್ಮೆ ಇಲ್ಲಿ ಕುಂಭಮೇಳ ನಡೆಯುತ್ತದೆ. ಆಗ ಕಾಲಿಡಲು ಜಾಗವಿರುವುದಿಲ್ಲ. ಅವತ್ತು ನಾವು, ತಲೆ ಬೋಳಿಸಿಕೊಂಡ ಒಂದು ಕುಟುಂಬ, ಹರಿಗೋಲಿನವರು, ಅಷ್ಟೇ. ಕಾವೇರಿ, ಕಪಿಲೆ ಕಣ್ಣಿಗೆ ಕಾಣುತ್ತವೆ. ಮೂರನೆಯದಾದ ಸ್ಫಟಿಕ ಸರೋವರ ನೆಲದೊಳಗಿಂದ ಬಂದು ಸೇರುತ್ತದೆ ಎಂದು ನಂಬಿಕೆ.

ಹರಿಗೋಲು ಹತ್ತಿದೆವು. ಗ್ರೀಕರಲ್ಲಿ ಸತ್ತವರನ್ನು ದಾಟಿಸುವ ಅಂಬಿಗನ ಹೆಸರು ಕೇರಾನ್. ಅವನ ಕೂಲಿಗೆಂದು ಹೆಣದ ಬಾಯಲ್ಲಿ ಒಂದು ಸಣ್ಣ ನಾಣ್ಯ ಇಡುತ್ತಿದ್ದರು. ನಮ್ಮಲ್ಲೂ ಹಲವು ಮನೆಗಳಲ್ಲಿ ಹಣೆಗೆ ನಾಣ್ಯ ಅಂಟಿಸಿ, ಬಾಯಿಗೆ ಅಕ್ಕಿಕಾಳು ಹಾಕುತ್ತಾರೆ. ದಾಸರು ದೇವರನ್ನೇ ಅಂಬಿಗ ಎಂದರು, ಗ್ರೀಕರು ಅಂಬಿಗನನ್ನು ಹೇಡೀಸನ ನೌಕರನಾಗಿ ಮಾಡಿದರು. ಇದನ್ನೆಲ್ಲ ಹೇಳುತ್ತಿದ್ದ ಹಾಗೆ ಹುಡುಗಿ ಅಳಲು ಶುರು ಮಾಡಿದಳು. ಅಂಬಿಗ ಹುಟ್ಟು ನಿಲ್ಲಿಸಿದ.

"ಪರ್ಸೆಫೊನಿ ದಾಳಿಂಬೆ ಬೀಜ ತಿಂದ್ಲು, ಅದಕ್ಕೇ ವಾಪಸ್ ಬರಕ್ಕಾಗ್ಲಿಲ್ಲ. ಆಸ್ಪತ್ರೇಲಿ ಅಜ್ಜಿಗೆ ದಾಳಿಂಬೆ ಬಿಡಿಸಿ ತಿನ್ಸಿದ್ದು ನಾನು."

ಮಡಿಸಿದ ಪುಟದ ಗುಟ್ಟು ಇದು. ಒಂದು ವರ್ಷ ಈ ಭಾರವನ್ನು ಹೊತ್ತು ಸ್ಕೂಲಿಗೆ ಹೋಗಿಬರುತ್ತಿತ್ತು ಮಗು.

ಮೊದಲು ನಿಜ ಹೇಳಿದೆ. ಅಜ್ಜಿಯ ಹೃದಯ ದಣಿದಿತ್ತು. ನೀನು ಹಣ್ಣು ತರುವ ಮೊದಲೇ ಡಾಕ್ಟರು ಕೈ ಚೆಲ್ಲಿದ್ದರು. ನಾವು ದೊಡ್ಡವರು ನಿನಗೆ ಹೇಳಲಿಲ್ಲ, ಅದು ನಮ್ಮ ತಪ್ಪು. ಆಮೇಲೆ ಪುಸ್ತಕ ತೆಗೆದು ಮುಂದಿನ ಪುಟ ತಿರುಗಿಸಿದೆ. ಅವಳು ಅದನ್ನು ಓದಿಯೇ ಇರಲಿಲ್ಲ! ಹೇಡೀಸ್ ಹೊತ್ತೊಯ್ದ ಪರ್ಸೆಫೊನಿ ಅಲ್ಲಿಯ ಬೀಜ ತಿಂದಳು, ನಿಜ. ಅವಳ ತಾಯಿ ಡಿಮೀಟರ್ ಬೆಳೆಯ ದೇವತೆ. ಮಗಳಿಲ್ಲದ ದುಃಖಕ್ಕೆ ಭೂಮಿಯಲ್ಲಿ ಒಂದು ಪೈರೂ ಏಳದ ಹಾಗೆ ಮಾಡಿದಳು. ಕೊನೆಗೆ ರಾಜಿಯಾಯಿತು. ವರ್ಷದಲ್ಲಿ ಕೆಲವು ತಿಂಗಳು ಮಗಳು ಪಾತಾಳದಲ್ಲಿ, ಉಳಿದ ತಿಂಗಳು ಮೇಲೆ ತಾಯಿಯ ಹತ್ತಿರ. ಬಸ್ಸಿನಲ್ಲಿ ನೋಡಿದೆಯಲ್ಲ ಕೊಯ್ದ ಗದ್ದೆ, ಮಳೆ ಬಂದ ಮೇಲೆ ಅಲ್ಲಿಗೆ ಮತ್ತೆ ಬೀಜ ಇಳಿಯುತ್ತದೆ, ಪೈರು ಏಳುತ್ತದೆ ಅಂದೆ.

"ಪರ್ಸೆಫೊನಿಯನ್ನ ಕಟ್ಟಿಹಾಕಿದ್ದು ಅಲ್ಲಿಯ ಹಣ್ಣು. ಇಲ್ಲಿಂದ ಕೊಟ್ಟದ್ದು ಯಾರನ್ನೂ ಕಟ್ಟಿಹಾಕಲ್ಲ. ಗ್ರೀಕರು ಹೊರಟವರ ಜೊತೆ ಜೇನಿನ ರೊಟ್ಟಿ ಇಡ್ತಿದ್ರು, ಸರ್ಬರಸ್ ನಾಯಿಗೆ ಹಾಕಕ್ಕೆ. ನೀನು ಕೊಟ್ಟದ್ದು ಬುತ್ತಿ ಕಣಮ್ಮ."

"ಅಜ್ಜಿ ಬೀಜ ಉಗೀತಿದ್ರು ತಾತ."

"ಹೂಂ, ಹಲ್ಲಿಗೆ ಸಿಕ್ಕೋತಿತ್ತು."

ಅಂಬಿಗ ತಲೆಯ ಟವಲ್ಲಿನಿಂದ ಮುಖ ಒರೆಸಿಕೊಂಡು, ಹರಿಗೋಲನ್ನು ಬುಗುರಿಯಂತೆ ಒಂದು ಸುತ್ತು ತಿರುಗಿಸಿದ. ಹುಡುಗಿ ಕಿರುಚಿ ನಕ್ಕಳು.

ನನ್ನ ಸಂಗತಿಯನ್ನೂ ಹೇಳಿಬಿಡುತ್ತೇನೆ. ಅದೇ ಪುಸ್ತಕದಲ್ಲಿ ಆರ್ಫಿಯಸ್ ಎಂಬ ಹಾಡುಗಾರನಿದ್ದಾನೆ. ಸತ್ತ ಹೆಂಡತಿ ಯುರಿಡಿಸಿಯನ್ನು ಕರೆತರಲು ಪಾತಾಳಕ್ಕೆ ಇಳಿದು, ಹಾಡಿ ಹೇಡೀಸನನ್ನೂ ಕರಗಿಸಿದ. ಮೇಲೆ ಬರುವತನಕ ಹಿಂದಿರುಗಿ ನೋಡಬಾರದು ಎಂಬುದು ಕರಾರು. ತಡೆಯಲಾರದೆ ನೋಡಿದ, ಅವಳು ಹೊರಟುಹೋದಳು. ನಮ್ಮ ಸಾವಿತ್ರಿ ಯಮನ ಹಿಂದೆ ನಡೆದು ಗಂಡನನ್ನು ಗೆದ್ದು ತಂದಳು, ಅಲ್ಲಿ ಗಂಡ ಹೆಂಡತಿಯನ್ನು ಕಳೆದುಕೊಂಡ. 'ಗಂಡಸರಿಗೆ ತಾಳ್ಮೆ ಎಲ್ಲಿ' ಎಂದು ನನ್ನಾಕೆ ಇದ್ದಿದ್ದರೆ ಹೇಳುತ್ತಿದ್ದಳು. ಹೋದ ವರ್ಷ ಇದೇ ನೀರಿಗೆ ಮಡಕೆ ಬಿಟ್ಟಾಗ ಪುರೋಹಿತರು ಹಿಂದಿರುಗಿ ನೋಡದೆ ನಡೆಯಿರಿ ಅಂದರು. ನಾನು ನೋಡಲಿಲ್ಲ. ಮೆಟ್ಟಿಲು ಹತ್ತುವಷ್ಟೂ ಹೊತ್ತು ಕತ್ತು ನೋಯುತ್ತಿತ್ತು.

ದಡಕ್ಕೆ ಬಂದು ಇಳಿದೆವು. ಅಂಬಿಗನಿಗೆ ದುಡ್ಡು ಕೊಟ್ಟೆ. ಅವಳು ತನ್ನ ಪರ್ಸಿನಿಂದ ಒಂದು ರೂಪಾಯಿ ಬೇರೆ ಕೊಟ್ಟಳು. ಅವನು ಅದನ್ನು ಕಣ್ಣಿಗೊತ್ತಿಕೊಂಡು ಜೇಬಿಗೆ ಹಾಕಿಕೊಂಡ. ಮೆಟ್ಟಿಲ ಮೇಲೆ ಅವಳು ನಿಂತಳು.

"ಇವತ್ತು ತಿರುಗಿ ನೋಡಬಹುದಾ ತಾತ?"

"ಇವತ್ತು ನೋಡಬಹುದು."

ಇಬ್ಬರೂ ನೋಡಿದೆವು. ಎರಡು ನೀರು ಕೂಡುವ ಕಡೆ ಸಣ್ಣ ಸುಳಿ ಏಳುತ್ತಿತ್ತು. ಅಂಬಿಗ ಹರಿಗೋಲನ್ನು ದಡಕ್ಕೆಳೆದು ಬೋರಲು ಹಾಕಿದ್ದ. ಅದರ ನೆರಳಿನಲ್ಲಿ ಒಂದು ಕಂದು ನಾಯಿ ಮಲಗಿತ್ತು.

"ಒಂದೇ ತಲೆ" ಅಂದಳು ಮೊಮ್ಮಗಳು, ಉಳಿದಿದ್ದ ಬಾಳೆಹಣ್ಣು ಸುಲಿಯುತ್ತಾ.