ಕಲ್ಲು ಕಟ್ಟಲು ನೆರವಾಗುವ ಬ್ಯಾಕ್ಟೀರಿಯಾ

ಮಕ್ಕಳೇ, ಬೋರ್‌ವೆಲ್ ನೀರು ಕಾಯಿಸುವ ಹಂಡೆಯ ಒಳಗೆ ಬಿಳಿಯ ಹಕ್ಕಳೆ ಕಟ್ಟುವುದನ್ನು ನೀವು ನೋಡಿರಬಹುದು. ಅದರಲ್ಲಿ ಹೆಚ್ಚಿನ ಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಶಾಲೆಗಳಿಗೆ ಹೋಗುವಾಗ ನನ್ನ ಚೀಲದಲ್ಲಿ ಅದರ ಒಂದು ಚೂರು ಇದ್ದೇ ಇರುತ್ತದೆ. ಅದರ ಮೇಲೆ ನಿಂಬೆರಸ ಬಿಟ್ಟರೆ ಗುಳ್ಳೆಗಳು ಏಳುತ್ತವೆ. ಒಮ್ಮೆ ಏಳನೇ ತರಗತಿಯ ಹುಡುಗಿಯೊಬ್ಬಳು, "ಸಾರ್, ಇದು ಬಿಸಿಗೆ ಆಗಿದ್ದು. ಜೀವ ಇರೋವು ಏನಾದ್ರೂ ಹೀಗೆ ಕಲ್ಲು ಮಾಡ್ತಾವಾ?" ಎಂದು ಕೇಳಿದಳು. ಆಗ ನಾನು ಹೇಳಿದ್ದು ಯೆಲ್ಲೊಸ್ಟೋನ್ ಕಥೆ.

ಅಮೆರಿಕದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ಮ್ಯಾಮತ್ ಎಂಬ ಬಿಸಿನೀರಿನ ಬುಗ್ಗೆಗಳಿವೆ. ನೆಲದೊಳಗೆ ಕಾದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಬೆರೆತಿರುತ್ತದೆ. ಆ ನೀರು ಸುಣ್ಣಕಲ್ಲಿನ ಪದರಗಳನ್ನು ಕರಗಿಸಿಕೊಂಡು ಮೇಲೆ ಬರುತ್ತದೆ. ಹೊರಗೆ ಬಂದೊಡನೆ ಅನಿಲ ಗಾಳಿಗೆ ಹಾರಿಹೋಗುತ್ತದೆ. ಕರಗಿದ್ದ ಕ್ಯಾಲ್ಸಿಯಂ ಕಾರ್ಬೊನೇಟ್ ಹರಳುಗಟ್ಟುತ್ತದೆ. ಹೀಗೆ ಟ್ರಾವರ್ಟೈನ್ ಎಂಬ ಕಲ್ಲಿನ ದೊಡ್ಡ ದೊಡ್ಡ ಮೆಟ್ಟಿಲುಗಳು ಮೂಡಿವೆ.

ಇಲ್ಲಿಯವರೆಗೆ ಇದು ಬರೀ ರಸಾಯನ ವಿಜ್ಞಾನ. ಆದರೆ ಸುಮಾರು 70 ಡಿಗ್ರಿ ಸೆಲ್ಸಿಯಸ್ ಬಿಸಿಯಿರುವ ಆ ನೀರಿನಲ್ಲೂ ಜೀವಿಗಳಿವೆ! ಸಲ್ಫ್ಯೂರಿಹೈಡ್ರೋಜೆನಿಬಿಯಂ ಎಂಬ ಬ್ಯಾಕ್ಟೀರಿಯಾಗಳು ರಭಸವಾಗಿ ಹರಿಯುವ ನೀರಿನಲ್ಲಿ ಒಂದಕ್ಕೊಂದು ಅಂಟಿಕೊಂಡು ಶಾವಿಗೆಯಂತಹ ಎಳೆಗಳಾಗುತ್ತವೆ. ಗಂಧಕದ ಸಂಯುಕ್ತಗಳಿಂದ ಅವು ಶಕ್ತಿ ಪಡೆಯುತ್ತವೆ. ಈ ಎಳೆಗಳ ಮೇಲೆ ಹರಳುಗಳು ಕೂರುತ್ತವೆ. ಕಲ್ಲಿನಲ್ಲೂ ಎಳೆಗಳ ಆಕಾರ ಉಳಿಯುತ್ತದೆ.

ಹಾಗಾದರೆ ಬ್ಯಾಕ್ಟೀರಿಯಾ ಇಲ್ಲದಿದ್ದರೆ? ಬ್ರೂಸ್ ಫೌಕ್ ಮತ್ತು ಸಂಗಡಿಗರು ಬುಗ್ಗೆಯ ನೀರನ್ನು ಬಹಳ ಸಣ್ಣ ರಂಧ್ರಗಳ ಶೋಧಕದಲ್ಲಿ ಸೋಸಿ, ಸೂಕ್ಷ್ಮಜೀವಿಗಳನ್ನು ತೆಗೆದು ನೋಡಿದರು. ಹರಳು ಕಟ್ಟುವ ವೇಗ ಕಡಿಮೆಯಾಯಿತು. ಈ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಅಂದರೆ, ಬ್ಯಾಕ್ಟೀರಿಯಾ ಇಲ್ಲದೆಯೂ ಕಲ್ಲು ಆಗುತ್ತದೆ. ಅವು ಇದ್ದರೆ ಬೇಗ ಆಗುತ್ತದೆ.

ಇದನ್ನು ತಿಳಿದು ಏನು ಪ್ರಯೋಜನ ಎನ್ನುವಿರಾ? 2007ರಲ್ಲಿ 'ಸ್ಪಿರಿಟ್' ಎಂಬ ಗಾಲಿಯಂತ್ರವು ಮಂಗಳ ಗ್ರಹದಲ್ಲಿ ಸಿಲಿಕಾ ತುಂಬಿದ ಮಣ್ಣನ್ನು ಕಂಡಿತು. ಅಲ್ಲಿಯ ಸಿಲಿಕಾ ಗಂಟುಗಳಲ್ಲಿ ಸಣ್ಣ ಬೆರಳಿನಂತಹ ಆಕಾರಗಳಿವೆ. ಚಿಲಿ ದೇಶದ ಎಲ್ ಟಾಟಿಯೊ ಬಿಸಿನೀರಿನ ಬುಗ್ಗೆಗಳ ಬಳಿಯೂ ಅಂತಹವೇ ಇವೆ ಎಂದು 2016ರಲ್ಲಿ ವಿಜ್ಞಾನಿಗಳು ತೋರಿಸಿದರು. ಚಿಲಿಯಲ್ಲಿ ಅವು ಮೂಡಲು ಸೂಕ್ಷ್ಮಜೀವಿಗಳ ನೆರವಿದೆ. ಮಂಗಳದಲ್ಲಿ? ಆಕಾರ ಒಂದೇ ಇದ್ದ ಮಾತ್ರಕ್ಕೆ ಅಲ್ಲಿ ಜೀವವಿತ್ತು ಎನ್ನಲಾಗದು. ಜೀವಿಗಳಿಲ್ಲದೆಯೂ ಆ ಆಕಾರ ಬರಬಹುದೇ ಎಂದು ಮೊದಲು ಪರೀಕ್ಷಿಸಬೇಕು.

ನೀರನ್ನು ಸೋಸಿ ಹೋಲಿಸಿದ ಆ ಪ್ರಯೋಗದ ಬೆಲೆ ಇರುವುದು ಇಲ್ಲೇ. ನೀವೂ ಯಾವುದೇ ಪ್ರಯೋಗ ಮಾಡುವಾಗ ಕೇಳಿಕೊಳ್ಳಿ: ಇದೊಂದನ್ನು ತೆಗೆದುಬಿಟ್ಟರೆ ಏನಾಗುತ್ತದೆ?